ಆಕಾಶದ ಕಲ್ಲಿಗೆ ರೇಟು ಕಟ್ಟಿದ್ದು ಯಾರು?

ನಾನು ಓದಿದ್ದು ಬಿ.ಕಾಂ. ಹಾಗಾಗಿ ವಿಜ್ಞಾನದ ಸುದ್ದಿ ಓದುವಾಗಲೂ ನನ್ನ ಕಣ್ಣು ಮೊದಲು ಹೋಗೋದು ದುಡ್ಡಿನ ಲೆಕ್ಕಕ್ಕೆ. 2025ರ ಜುಲೈನಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಮಂಗಳ ಗ್ರಹದಿಂದ ಬಂದ ಒಂದು ಕಲ್ಲು ಮಾರಾಟ ಆಯ್ತು. ತೂಕ 24.67 ಕೆ.ಜಿ. ಶುಲ್ಕ ಎಲ್ಲ ಸೇರಿ ಸುಮಾರು 53 ಲಕ್ಷ ಡಾಲರ್. ಗ್ರಾಂ ಲೆಕ್ಕದಲ್ಲಿ ಹತ್ತಿರ ಹತ್ತಿರ 215 ಡಾಲರ್. ಆಗಿನ ಚಿನ್ನದ ದರದ ಎರಡು ಪಟ್ಟು!

ಈ ಬೆಲೆ ಕಟ್ಟಿದ್ದು ವ್ಯಾಪಾರಿನಾ, ವಿಜ್ಞಾನಿನಾ? ಉತ್ತರ ಬೇಕಂದ್ರೆ ನೂರು ವರ್ಷ ಹಿಂದೆ ಹೋಗಬೇಕು.

1923ರ ನವೆಂಬರ್ 9ರ ರಾತ್ರಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಮೆಕ್‌ಫರ್ಸನ್ ಅನ್ನೋ ಊರು. ಅಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಹಾರ್ವಿ ನಿನಿಂಗರ್, ಬೆಂಕಿ ಉಂಡೆಯಂಥ ಉಲ್ಕೆಯೊಂದು ಆಕಾಶದಲ್ಲಿ ಹಾದು ಹೋಗೋದನ್ನ ನೋಡಿದರು. ಅದು ಎಲ್ಲಿ ಬಿದ್ದಿರಬಹುದು ಅಂತ ಹುಡುಕಿಕೊಂಡು ಹಳ್ಳಿ ಹಳ್ಳಿ ಸುತ್ತಿದರು. ಆ ಕಲ್ಲು ಸಿಗಲಿಲ್ಲ. ಆದರೆ ಹಿಂದೆಂದೋ ಬಿದ್ದಿದ್ದ ಬೇರೆ ಉಲ್ಕಾಶಿಲೆಗಳು ಸಿಕ್ಕವು.

ಇದನ್ನೇ ಕಸುಬು ಮಾಡಿಕೊಳ್ಳೋಣ ಅಂತ ಅವರು ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಜಾರ್ಜ್ ಮೆರಿಲ್ ಅವರ ಸಹಾಯ ಕೇಳಿದರು. ಮೆರಿಲ್ ಆ ಕಾಲದ ದೊಡ್ಡ ತಜ್ಞ. ನಿನಿಂಗರ್ ಮುಂದೆ ಹೇಳಿಕೊಂಡ ಪ್ರಕಾರ ಸಿಕ್ಕ ಉತ್ತರ ಇಷ್ಟು: ಕೇಳಿದಷ್ಟು ದುಡ್ಡು ಕೊಟ್ಟರೂ ಇಡೀ ಜನ್ಮದಲ್ಲಿ ನಿಮಗೆ ಒಂದು ಕಲ್ಲು ಸಿಕ್ಕರೆ ಹೆಚ್ಚು.

ಸಂಸ್ಥೆ ಕೈ ಚೆಲ್ಲಿದ ಕೆಲಸವನ್ನ ನಿನಿಂಗರ್ ಮಾರುಕಟ್ಟೆಯಿಂದ ಮಾಡಿಸಿದರು. ಶಾಲೆಗಳಲ್ಲಿ ಭಾಷಣ ಮಾಡಿ, ಮಾದರಿ ಕಲ್ಲು ತೋರಿಸಿ, ಹೊಲದಲ್ಲಿ ಇಂಥದ್ದು ಸಿಕ್ಕಿದ್ರೆ ತನ್ನಿ, ಪೌಂಡಿಗೆ ಒಂದು ಡಾಲರ್ ಕೊಡ್ತೀನಿ ಅಂದರು. ಕ್ಯಾನ್ಸಸ್ ರೈತರು ಹುಲ್ಲಿನ ಬಣವೆ ಹಾರದ ಹಾಗೆ ಭಾರಕ್ಕೆ ಇಟ್ಟಿದ್ದ ಕರಿ ಕಲ್ಲುಗಳೇ ಉಲ್ಕಾಶಿಲೆ ಆಗಿದ್ದದ್ದೂ ಉಂಟು. 1930ರಲ್ಲಿ ಅವರು ಕಾಲೇಜಿನ ಕೆಲಸ ಬಿಟ್ಟರು. ಕಲ್ಲು ಕೊಯ್ದು, ಹೋಳುಗಳನ್ನ ಸಂಗ್ರಾಹಕರಿಗೂ ಮ್ಯೂಸಿಯಂಗಳಿಗೂ ಮಾರಿ, ಆ ದುಡ್ಡಲ್ಲಿ ಮುಂದಿನ ಹುಡುಕಾಟ. ಇವನು ಬರೀ ವ್ಯಾಪಾರಿ ಅಂತ ಮೂಗು ಮುರಿದ ಪಂಡಿತರೂ ಇದ್ದರು.

ಕೊನೆಗೆ ಏನಾಯ್ತು ನೋಡಿ. 1958ರಲ್ಲಿ ಸಂಗ್ರಹದ ಒಂದು ಭಾಗವನ್ನ 1,40,000 ಡಾಲರಿಗೆ ಬ್ರಿಟಿಷ್ ಮ್ಯೂಸಿಯಂ ಕೊಂಡಿತು. 1960ರಲ್ಲಿ ಉಳಿದದ್ದನ್ನ 2,75,000 ಡಾಲರಿಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ ಕೊಂಡಿತು. ಆ ವಿಶ್ವವಿದ್ಯಾಲಯದ ಉಲ್ಕಾಶಿಲೆ ಅಧ್ಯಯನ ಕೇಂದ್ರಕ್ಕೆ ಇವತ್ತಿಗೂ ಆ ಸಂಗ್ರಹವೇ ಅಡಿಪಾಯ.

ಈಗ ಈ ಸಂಬಂಧಕ್ಕೆ ನಿಯಮ ಇದೆ. ಕಲ್ಲಿಗೆ ಅಧಿಕೃತ ಹೆಸರು ಕೊಡೋದು ಮೀಟಿಯೊರಿಟಿಕಲ್ ಸೊಸೈಟಿಯ ಸಮಿತಿ. ಅದಕ್ಕೆ ಮೊದಲು ವಿಜ್ಞಾನಿಯೊಬ್ಬರು ಪರೀಕ್ಷೆ ಮಾಡಿ ಯಾವ ಜಾತಿಯ ಕಲ್ಲು ಅಂತ ಹೇಳಬೇಕು. 20 ಗ್ರಾಂ ಅಥವಾ ಒಟ್ಟು ತೂಕದ ಶೇ. 20, ಯಾವುದು ಕಡಿಮೆಯೋ ಅಷ್ಟು ಮಾದರಿ ಒಂದು ಸಂಸ್ಥೆಗೆ ಸೇರಬೇಕು. ವಿಜ್ಞಾನಿಗೆ ಸಂಶೋಧನೆಗೆ ಕಲ್ಲು ಸಿಗುತ್ತೆ, ವ್ಯಾಪಾರಿಗೆ ಬೆಲೆ ಏರಿಸೋ ಪ್ರಮಾಣಪತ್ರ ಸಿಗುತ್ತೆ. ಅಂದ್ರೆ ಬೆಲೆ ಕಟ್ಟೋದು ಇಬ್ಬರೂ ಸೇರಿ.

ಈ ಕೊಡು-ಕೊಳ್ಳುವಿಕೆಯಲ್ಲಿ ಒಂದು ಜಾಗ ಖಾಲಿ ಉಳಿಯುತ್ತೆ. ಸಂಪ್ರದಾಯದಂತೆ ಉಲ್ಕಾಶಿಲೆಗೆ ಅದು ಸಿಕ್ಕ ಜಾಗದ ಹೆಸರೇ ಇಡೋದು. 1866ರಲ್ಲಿ ನಮ್ಮ ಉಡುಪಿ ಸೀಮೆಯಲ್ಲಿ ಬಿದ್ದ ಕಲ್ಲು ಇವತ್ತಿಗೂ ಜಾಗತಿಕ ಪಟ್ಟಿಯಲ್ಲಿ 'ಉಡಿಪಿ'ಯೇ. ಆದರೆ ಸಹಾರಾ ಮರುಭೂಮಿಯಿಂದ ಮಾರುಕಟ್ಟೆಗೆ ಬರೋ ಸಾವಿರಾರು ಕಲ್ಲುಗಳಿಗೆ ಊರೇ ಇಲ್ಲ. ಕೈಯಿಂದ ಕೈಗೆ ದಾಟುವಾಗ ಜಾಗದ ವಿವರ ಅಳಿಸಿ ಹೋಗಿರುತ್ತೆ. ಅವಕ್ಕೆ 'ವಾಯವ್ಯ ಆಫ್ರಿಕಾ' ಅಂತ ಒಂದು ಹೆಸರು, ಮುಂದೆ ಒಂದು ನಂಬರು, ಅಷ್ಟೇ. ಒಂದೇ ಕಲ್ಲಿನ ಚೂರುಗಳು ಬೇರೆ ಬೇರೆ ವ್ಯಾಪಾರಿಗಳ ಕೈ ಸೇರಿ, ಬೇರೆ ಬೇರೆ ನಂಬರಲ್ಲಿ ದಾಖಲಾಗೋದೂ ಇದೆ.

53 ಲಕ್ಷ ಡಾಲರಿನ ಕಲ್ಲಿನ ಹೆಸರೂ ಹಾಗೇ: ವಾಯವ್ಯ ಆಫ್ರಿಕಾ 16788. ಅದು 2023ರ ನವೆಂಬರಿನಲ್ಲಿ ನೈಜರ್ ದೇಶದ ಅಗಾದೆಸ್ ಪ್ರದೇಶದಲ್ಲಿ ಸಿಕ್ಕಿದ್ದು ಅಂತ ಹರಾಜು ಸಂಸ್ಥೆಯೇ ಹೇಳಿತ್ತು. ಹರಾಜಾದ ಮೇಲೆ ನೈಜರ್ ಸರ್ಕಾರ ತನಿಖೆಗೆ ಆದೇಶ ಮಾಡಿತು. ಕಲ್ಲು ದೇಶ ಬಿಟ್ಟು ಹೋಗಿದ್ದು ಹೇಗೆ ಅನ್ನೋದು ಅದರ ಪ್ರಶ್ನೆ. ಎಲ್ಲಾ ಪ್ರಕ್ರಿಯೆ ಕ್ರಮಬದ್ಧವಾಗಿಯೇ ನಡೆದಿದೆ ಅಂತ ಸೋದಬೀಸ್ ಹೇಳಿತು.

ವ್ಯಾಪಾರ ನಿಲ್ಲಿಸಿ ಅಂತ ನಾನು ಹೇಳಲ್ಲ. ವ್ಯಾಪಾರ ಇಲ್ಲದಿದ್ದರೆ ನಿನಿಂಗರ್ ಸಂಗ್ರಹವೇ ಇರುತ್ತಿರಲಿಲ್ಲ. ಆದರೆ ಅವರು ದುಡ್ಡು ಕೊಟ್ಟದ್ದು ಹೊಲದ ಯಜಮಾನನ ಕೈಗೆ, ಅದೇ ಹೊಲದಲ್ಲಿ ನಿಂತು. ಹಾಗಾಗಿ ಕಲ್ಲಿನ ಜೊತೆ ಊರೂ ದಾಖಲಾಯ್ತು. ಇವತ್ತು 20 ಗ್ರಾಂ ಕೊಡದೆ ಹೆಸರು ಕೊಡಲ್ಲ ಅನ್ನೋ ಸಂಸ್ಥೆಗಳು, ಎಲ್ಲಿ ಸಿಕ್ಕಿತು, ಯಾರಿಂದ ಕೊಂಡಿರಿ ಅನ್ನೋ ದಾಖಲೆ ಕೊಡದೆಯೂ ಹೆಸರು ಕೊಡಲ್ಲ ಅಂದುಬಿಟ್ಟರೆ ವ್ಯಾಪಾರಿಗಳು ಅದನ್ನೂ ತಂದೇ ತರ್ತಾರೆ. ಯಾಕಂದ್ರೆ ಆಗ ಅದಕ್ಕೂ ರೇಟು ಇರುತ್ತೆ.