ಕೈದುಡಿಮೆಯ ಅನ್ನ, ನೆರೆಯವನ ನೆಲ

ಸಂತ ಬೆನೆಡಿಕ್ಟರ ನಿಯಮಾವಳಿಯು 6ನೆಯ ಶತಮಾನದಲ್ಲಿಯೇ ಮಠವಾಸಿಗಳ ಕೈದುಡಿಮೆಯನ್ನು ಎತ್ತಿಹಿಡಿದಿತ್ತು. ನೀರು, ಗಿರಣಿ, ತೋಟ ಮೊದಲಾದವು ಸಾಧ್ಯವಾದಷ್ಟೂ ಮಠದ ಆವರಣದೊಳಗೇ ಇರಬೇಕೆಂಬುದು ಅದರ ವಿಧಿ. ಆದರೆ 11ನೆಯ ಶತಮಾನದ ಹೊತ್ತಿಗೆ ಯೂರೋಪಿನ ಅನೇಕ ದೊಡ್ಡ ಮಠಗಳು ಒಕ್ಕಲುಗಳ ಗೇಣಿಯಿಂದಲೂ ಧರ್ಮಕೇಂದ್ರಗಳ ದಶಮಾಂಶದಿಂದಲೂ ನಡೆಯುತ್ತಿದ್ದವು. ಪ್ರಾರ್ಥನೆ ಮಠದ್ದಾಗಿತ್ತು, ಬೆವರು ಪರರದ್ದಾಗಿತ್ತು.

1098ರಲ್ಲಿ ಮೊಲೆಮ್ ಮಠದ ರಾಬರ್ಟರು ಕೆಲವು ಸಂಗಡಿಗರೊಡನೆ ಬರ್ಗಂಡಿಯ ಸಿತೋ ಎಂಬ ಸ್ಥಳಕ್ಕೆ ಹೊರಟರು. ಅಲ್ಲಿ ಹುಟ್ಟಿದ ಸಿಸ್ಟರ್ಷಿಯನ್ ಸಭೆಯು ಗೇಣಿಯನ್ನೂ ದಶಮಾಂಶದ ಆದಾಯವನ್ನೂ ನಿರಾಕರಿಸಿತು. ಭೂಮಿಯನ್ನು ಪಡೆಯುವುದು, ಅದನ್ನು ತಾವೇ ಉಳುವುದು, ಬೆಳೆದದ್ದನ್ನು ಉಣ್ಣುವುದು: ಇದು ಅವರ ಸಂಕಲ್ಪ. ಮಠದಿಂದ ದೂರವಿದ್ದ ಹೊಲಗಳಲ್ಲಿ ಗ್ರೇಂಜ್ ಎಂಬ ಹೊಲಮನೆಗಳನ್ನು ಕಟ್ಟಿ, ವ್ರತಧಾರಿಗಳಾದ ಶ್ರಮಸಹೋದರರಿಗೆ ವ್ಯವಸಾಯವನ್ನು ವಹಿಸಿದರು. ಓದುಬರಹವಿಲ್ಲದ ರೈತರಿಗೂ ಸನ್ಯಾಸದ ಬಾಗಿಲು ಹೀಗೆ ತೆರೆಯಿತು. ಇದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಚರಿತ್ರೆ ಇಲ್ಲಿಗೇ ನಿಲ್ಲುವುದಿಲ್ಲ. ಅವರು ಪಡೆದ ನೆಲವೆಲ್ಲ ಕಾಡೋ ಜೌಗೋ ಆಗಿರಲಿಲ್ಲ. ಎಷ್ಟೋ ಕಡೆ ಅದು ಮೊದಲೇ ಉಳುಮೆಯಲ್ಲಿದ್ದ ನೆಲ. ಕೆಲವೆಡೆ ಹೊಲಮನೆಗಾಗಿ ಹಳ್ಳಿಯ ಜನರೇ ಜಾಗ ಬಿಡಬೇಕಾಯಿತು. 1132ರಲ್ಲಿ ಜಗದ್ಗುರು 2ನೆಯ ಇನ್ನೊಸೆಂಟರು ಸಿಸ್ಟರ್ಷಿಯನರ ಸ್ವಂತ ದುಡಿಮೆಯ ಫಲಕ್ಕೆ ದಶಮಾಂಶದಿಂದ ವಿನಾಯಿತಿ ನೀಡಿದರು. ಇದರ ಫಲವಾಗಿ, ಮಠವು ಹೊಸ ಹೊಲವನ್ನು ಕೊಂಡಾಗಲೆಲ್ಲ ಅಲ್ಲಿಯ ಧರ್ಮಕೇಂದ್ರದ ಆದಾಯ ಕುಗ್ಗುತ್ತಿತ್ತು. ಇಂಗ್ಲೆಂಡಿನ ಮಠಗಳ ಉಣ್ಣೆಯಂತೂ ಕಡಲಾಚೆಯ ಮಾರುಕಟ್ಟೆಗೂ ಹೋಗತೊಡಗಿತು. ಕೊನೆಗೆ 1215ರ 4ನೆಯ ಲ್ಯಾಟರನ್ ಮಹಾಸಭೆಯು, ಇನ್ನು ಮುಂದೆ ಪಡೆಯುವ ಜಮೀನುಗಳಿಗೆ ಹಿಂದಿನಿಂದ ದಶಮಾಂಶ ಸಲ್ಲುತ್ತಿದ್ದರೆ ಮಠಗಳೂ ಅದನ್ನು ಸಲ್ಲಿಸಬೇಕೆಂದು ವಿಧಿಸಿತು.

ಪರರ ಬೆವರಿನಿಂದ ಬದುಕಬಾರದೆಂದು ಹೊರಟವರು ಪರರ ನೆಲವನ್ನು ಕಿರಿದಾಗಿಸಿದರು. ಇದಕ್ಕೆ ದುರಾಸೆಯೊಂದೇ ಕಾರಣವೆಂದು ನಾವು ಭಾವಿಸುವುದಿಲ್ಲ. ನಮ್ಮ ಅನ್ನ ಯಾರ ದುಡಿಮೆಯದು ಎಂದು ಅವರು ಪ್ರಾಮಾಣಿಕವಾಗಿ ಕೇಳಿಕೊಂಡರು. ಈ ನೆಲದಲ್ಲಿ ಮೊದಲು ಯಾರು ಉಣ್ಣುತ್ತಿದ್ದರು ಎಂದು ಅಷ್ಟೇ ಪ್ರಾಮಾಣಿಕವಾಗಿ ಕೇಳಿಕೊಳ್ಳಲಿಲ್ಲ. ಹೊಲಕ್ಕೆ ಹೊಲ ಸೇರಿಸುವವರನ್ನು ಪ್ರವಾದಿ ಯೆಶಾಯನು ಎಚ್ಚರಿಸಿದ್ದು ಇದೇ ಕಾರಣಕ್ಕೆ. ನಾಳೆ ಧರ್ಮಕೇಂದ್ರದ ಜಮೀನಿನ ಹೊಣೆಯನ್ನು ಹೊರಲಿರುವ ನಾವು ಎರಡೂ ಪ್ರಶ್ನೆಗಳನ್ನು ಒಟ್ಟಿಗೇ ಕೇಳಿಕೊಳ್ಳಬೇಕು.