ಮರ ಏರುವ ಯಂತ್ರ: ಕೊಳ್ಳುವವರು ಒಬ್ಬರು, ಹತ್ತುವವರು ಇನ್ನೊಬ್ಬರು

ಅಡಿಕೆ ಕೊನೆ ಇಳಿಸೋಕೆ, ತೆಂಗಿನಕಾಯಿ ಕೀಳೋಕೆ ಜನ ಸಿಗ್ತಿಲ್ಲ ಅನ್ನೋದು ಮಲೆನಾಡು, ಕರಾವಳಿಯ ಹಳೆಯ ದೂರು. ಒಂದು ಗೇಣು ದಪ್ಪವೂ ಇಲ್ಲದ, ಐವತ್ತು ಅರವತ್ತು ಅಡಿ ಎತ್ತರದ ಅಡಿಕೆ ಮರವನ್ನು ಕಾಲಿಗೆ ತಳೆ ಹಾಕಿಕೊಂಡು ಏರುವ ಕೆಲಸ ಅದು. ಹೊಸಬರು ಬರದಿದ್ದರೆ ಅಚ್ಚರಿಯೇನೂ ಇಲ್ಲ. ಹಾಗಾಗಿ ಈಗ ಎಲ್ಲರ ಕಣ್ಣು ಹೊತ್ತೊಯ್ಯಬಹುದಾದ ಸಲಕರಣೆಗಳ ಮೇಲಿದೆ. ಯಾವುದು ಯಾವ ಕೆಲಸಕ್ಕೆ ಆಗುತ್ತೆ?

ಕಾಲಲ್ಲಿ ಮೆಟ್ಟಿ ಏರುವ ಯಂತ್ರ: ಕೇರಳದ ಚೆಂಬೇರಿ ಮಾದರಿ ಇದಕ್ಕೆ ಹೆಸರುವಾಸಿ. ಎರಡು ಚೌಕಟ್ಟು, ಮರ ಸುತ್ತುವ ಎರಡು ಉಕ್ಕಿನ ಹಗ್ಗ. ಒಂದರ ಮೇಲೆ ಭಾರ ಹಾಕಿದಾಗ ಅದು ಬಿಗಿಯುತ್ತೆ, ಇನ್ನೊಂದನ್ನು ಮೇಲೆ ಸರಿಸಬೇಕು. ನಿಂತು ಏರುವುದೂ ಇದೆ, ಕೂತು ಏರುವುದೂ ಇದೆ. ಹಗ್ಗದ ಒಂದು ಎಳೆ ಕಿತ್ತಿದ್ದರೂ ಬದಲಿಸಿ. ತೆಂಗಿಗೆ ಮಾಡಿದ್ದನ್ನು ತೆಳುವಾದ ಅಡಿಕೆ ಮರಕ್ಕೆ ಹಾಕಬೇಡಿ.

ಎಂಜಿನ್ ಬೈಕ್: ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ ರೂಪಿಸಿದ, ಸುಮಾರು 28 ಕೆಜಿ ತೂಕದ ಯಂತ್ರ 2019ರಲ್ಲಿ ದೇಶದ ಗಮನ ಸೆಳೆಯಿತು. ದೇಹಕ್ಕೆ ಶ್ರಮ ಕಡಿಮೆ. ಆದರೆ ಇಳಿಜಾರು ತೋಟದಲ್ಲಿ ಮರದಿಂದ ಮರಕ್ಕೆ ಇಷ್ಟು ಭಾರ ಹೊರುವವರು ಯಾರು ಅಂತ ಮೊದಲೇ ಯೋಚಿಸಿ.

ಕಾರ್ಬನ್ ಫೈಬರ್ ದೋಟಿ: ನೆಲದಲ್ಲೇ ನಿಂತು ಕೊನೆ ಇಳಿಸಬಹುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಬೀಳುವ ಭಯವೇ ಇಲ್ಲ. ಬೆಲೆ ಜಾಸ್ತಿ, ಕುತ್ತಿಗೆ ನೋವು ಗ್ಯಾರಂಟಿ. ಮುಖ್ಯ ಎಚ್ಚರಿಕೆ: ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತೆ. ತಂತಿ ಹಾದುಹೋಗುವ ಕಡೆ ಬಳಸಲೇಬೇಡಿ.

ಯಂತ್ರ ಹಿಡಿಯೋದು ಮರವನ್ನು, ಮನುಷ್ಯನನ್ನಲ್ಲ

ಏರುವ ಯಂತ್ರ ಯಾವುದೇ ಇರಲಿ, ಜೊತೆಗೆ ಭುಜ, ತೊಡೆ ಎರಡನ್ನೂ ಹಿಡಿಯುವ ಪೂರ್ತಿ ಮೈಯ ಸುರಕ್ಷತಾ ಬೆಲ್ಟ್ ಬೇಕೇ ಬೇಕು. ಬರೀ ಸೊಂಟದ ಪಟ್ಟಿ ಸಾಲದು. ಬೆಲ್ಟಿನ ಹಗ್ಗ ಯಂತ್ರಕ್ಕಲ್ಲ, ಮರಕ್ಕೇ ಬೇರೆಯಾಗಿ ಸುತ್ತಿರಬೇಕು. ಯಂತ್ರ ಜಾರಿದರೂ ಮನುಷ್ಯ ಉಳಿಯಬೇಕಲ್ಲ! ಪಾಚಿ ಕಟ್ಟಿದ ಒದ್ದೆ ಮರಕ್ಕೆ ಯಾವ ಯಂತ್ರವೂ ಬೇಡ.

ಅಸಲಿ ತೊಡಕು ಇರುವುದು ಕೂಲಿಯಲ್ಲಿ. ನುರಿತ ಕೊನೆಗಾರ ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟುತ್ತಾನೆ. ಯಂತ್ರದವನು ಪ್ರತಿ ಮರಕ್ಕೂ ಇಳಿದು ಮತ್ತೆ ಹತ್ತಬೇಕು. ಮರದ ಲೆಕ್ಕದಲ್ಲಿ, ಕೊನೆ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಬೆಲ್ಟ್ ಹಾಕಿಕೊಂಡ ಪ್ರತಿ ನಿಮಿಷವೂ ಅವನಿಗೆ ನಷ್ಟ. ಆಮೇಲೆ "ಬೆಲ್ಟ್ ಕೊಟ್ಟಿದ್ವಿ, ಅವನೇ ಹಾಕ್ಕೊಳ್ಳಲಿಲ್ಲ" ಅನ್ನೋದು ಸುಲಭ. ಹಾಗಾಗಿ ಯಂತ್ರ ತಂದ ತೋಟದಲ್ಲಿ ದಿನಗೂಲಿಯೇ ನ್ಯಾಯ.

ಕಾನೂನೂ ಇವರನ್ನು ಹೊರಗಿಟ್ಟೇ ಬಂದಿದೆ. 1951ರ ತೋಟ ಕಾರ್ಮಿಕರ ಕಾಯ್ದೆ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ಅಪಘಾತ ವಿಮೆ ಇದೆ. ಅಡಿಕೆ ಮರ ಹತ್ತುವವರಿಗೂ ಅಂಥದ್ದು ಬೇಕು ಅಂತ ಕೇಳುವುದು ದಾನ ಬೇಡಿದಂತಲ್ಲ.

ನಿಮ್ಮ ಮನೆಗೆ ಯಂತ್ರ ತರುವ ಮಾತು ಬಂದರೆ, ಹತ್ತುವವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಅವರು ಹತ್ತಿ ನೋಡಿ ಒಪ್ಪಿದ್ದನ್ನೇ ಕೊಳ್ಳಿ. ಬೆಲ್ಟ್, ವಿಮೆಯ ಖರ್ಚನ್ನೂ ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ.