ವಯೋಂಟ್ ಜಾರಿಕೆ: ಎಂಜಿನಿಯರಿಂಗ್ ಭೂವಿಜ್ಞಾನಿಯ ಕೆಲಸ ಮುಗಿಯುವುದು ಎಲ್ಲಿ?

ಇಟಲಿಯ ವಯೋಂಟ್ ಜಲಾಶಯಕ್ಕೆ 1963ರ ಅಕ್ಟೋಬರ್ 9ರ ರಾತ್ರಿ ಟಾಕ್ ಬೆಟ್ಟದಿಂದ ಸುಮಾರು 27 ಕೋಟಿ ಘನಮೀಟರ್ ಬಂಡೆ ಜಾರಿತು. ಅಣೆಕಟ್ಟನ್ನು ದಾಟಿ ಬಂದ ಅಲೆಗೆ ಲೊಂಗರೋನೆ ಹಾಗೂ ಸುತ್ತಲಿನ ಊರುಗಳ ಸುಮಾರು 2,000 ಜನ ಬಲಿಯಾದರು. ಇಷ್ಟರಲ್ಲಿ ಯಾರ ತಕರಾರೂ ಇಲ್ಲ. ತಕರಾರಿರುವುದು ಅಣೆಕಟ್ಟು ಯೋಜನೆಯ ಸಲಹೆಗಾರರಾಗಿದ್ದ ಲಿಯೋಪೋಲ್ಡ್ ಮ್ಯೂಲರ್ 1964ರಲ್ಲಿ ಮಂಡಿಸಿದ ನಿಲುವಿನ ಬಗ್ಗೆ: ಅಂದಿನ ಸಾಧನಗಳಿಂದ ಇದನ್ನು ಮುಂಗಾಣುವುದು ಸಾಧ್ಯವಿರಲಿಲ್ಲ. ಇದನ್ನು ಒಪ್ಪಿದರೆ, ಒಳ್ಳೆಯ ಉಪಕರಣಗಳು ಬಂದ ಮೇಲೆ ಬೆಟ್ಟ ಹತ್ತುವ ಭೂವಿಜ್ಞಾನಿ ಅನಗತ್ಯ ಎಂಬ ಈಚಿನ ಮಾತಿಗೂ ಬಲ ಬರುತ್ತದೆ.

ದಾಖಲೆಗಳು ಬೇರೆಯೇ ಹೇಳುತ್ತವೆ. ಭೂವಿಜ್ಞಾನಿಗಳಾದ ಎಡೊಆರ್ಡೊ ಸೆಮೆಂಝಾ ಮತ್ತು ಫ್ರಾಂಕೊ ಜುಡಿಚಿ 1960ರಲ್ಲೇ ವರದಿ ಕೊಟ್ಟಿದ್ದರು. ಕಣಿವೆಯ ಬಲದಂಡೆಯಲ್ಲಿ ಒಂಟಿ ಗುಡ್ಡವೊಂದಿತ್ತು. ಅದರ ಬಂಡೆ ಹಳೆಯ ನದಿಯ ಜಲ್ಲಿಯ ಮೇಲೆ ಕೂತಿತ್ತು. ಮೂಲ ಬಂಡೆಯ ಅಡಿಯಲ್ಲಿ ನದಿಯ ಜಲ್ಲಿ ಬರುವುದೆಂತು? ಗುಡ್ಡ ಎದುರು ದಂಡೆಯಿಂದ ಜಾರಿ ಬಂದದ್ದು. ಟಾಕ್ ಬೆಟ್ಟವಿರುವ ಆ ಎಡದಂಡೆಯೇ ಪ್ರಾಚೀನ ಜಾರಿಕೆಯ ಉಳಿಕೆ, ಮತ್ತೆ ಚಲಿಸಬಲ್ಲದು. ಇದು ನಡೆದು, ಕೆದಕಿ, ನಕ್ಷೆ ಬರೆದು ಕಂಡುಕೊಂಡದ್ದು. ಉಪಕರಣವೇ ಆಗ ದಾರಿ ತಪ್ಪಿಸಿತ್ತು: 1959ರ ಕಂಪನ ಸಮೀಕ್ಷೆ ತೆಳುವಾದ ಸಡಿಲ ಪದರದ ಕೆಳಗೆ ಗಟ್ಟಿ ಬಂಡೆಯನ್ನು ತೋರಿಸಿತು. ಮುಂದೆ ಜಾರಿಕೆಯನ್ನು ಮರುಪರಿಶೀಲಿಸಿದ ಹೆಂಡ್ರನ್ ಮತ್ತು ಪ್ಯಾಟನ್ 1985ರಲ್ಲಿ ಜಾರು ತಲದಲ್ಲಿ ಕೆಲವೇ ಸೆಂಟಿಮೀಟರ್ ದಪ್ಪದ ಜೇಡಿ ಪದರಗಳನ್ನು ಗುರುತಿಸಿ, ಹಳೆಯ ಜಾರಿಕೆಯ ವಾದವನ್ನೇ ಎತ್ತಿಹಿಡಿದರು.

ಹಾಗಾದರೆ ಮ್ಯೂಲರ್ ಪೂರ್ತಿ ತಪ್ಪೇ? ಅಲ್ಲ. ಜಾರಿಕೆಯ ಆ ವೇಗವನ್ನು ಅಂದು ಯಾರೂ ಊಹಿಸಿರಲಿಲ್ಲ. ಆದರೆ ಚಲಿಸುತ್ತಿದ್ದ ರಾಶಿ ಸುಮಾರು 20 ಕೋಟಿ ಘನಮೀಟರ್ ಎಂದು 1961ರಲ್ಲಿ ಅಂದಾಜಿಸಿದ್ದವರು ಅವರೇ! ನನ್ನ ವಾದವಿಷ್ಟು: ವಯೋಂಟ್‌ನಲ್ಲಿ ಕೊರತೆಯಿದ್ದದ್ದು ಭೂವಿಜ್ಞಾನದ್ದಲ್ಲ, ವರದಿ ಕೊಟ್ಟ ಮೇಲೂ ಭೂವಿಜ್ಞಾನಿಯ ಮಾತು ನಡೆಯುವ ವ್ಯವಸ್ಥೆಯದು. ಜಲಾಶಯದ ನೀರಿನ ಮಟ್ಟ ನಿರ್ಧಾರವಾದದ್ದು ಬೆಟ್ಟದ ಚಲನೆಯ ದರ ನೋಡಿ, ಹಾಗೂ ಜಾರುವ ಬೆಟ್ಟದ ಬದಲು ಜಲ್ಲಿ ಸುರಿದು ಪರೀಕ್ಷಿಸಿದ ಜಲಾಶಯದ ಒಂದು ಮಾದರಿಯನ್ನು ನಂಬಿ. ಸೆಮೆಂಝಾ ಮಾತು ಕೇಳಿದ್ದರೆ ದುರಂತ ತಪ್ಪುತ್ತಿತ್ತೆಂದು ಖಚಿತವಾಗಿ ಹೇಳಲಾರೆ. ಲಭ್ಯ ಪುರಾವೆ ಅಷ್ಟು ದೂರ ಹೋಗುವುದಿಲ್ಲ.

ಉಪಗ್ರಹ ರೇಡಾರ್ ಇಂದು ನೆಲದ ಚಲನೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತದೆ. ಜಾರು ತಲ ಎಲ್ಲಿದೆ, ಅದರಲ್ಲಿ ಏನಿದೆ ಎಂಬುದನ್ನು ಅದು ಹೇಳದು. ಮುಂದಿನ ಪೀಳಿಗೆಗೆ ದತ್ತಾಂಶ ವಿಶ್ಲೇಷಣೆ ಕಲಿಸೋಣ, ಆದರೆ ಕ್ಷೇತ್ರ ನಕ್ಷೆಯ ತರಬೇತಿಯನ್ನು ಮೊಟಕುಗೊಳಿಸಿ ಅಲ್ಲ. ಭೂವಿಜ್ಞಾನಿ ಯೋಜನೆಯ ಕೊನೆಯವರೆಗೂ ಇರುವಂತೆ ಮಾಡಬೇಕಾದದ್ದು ಕಾನೂನೋ ಗುತ್ತಿಗೆಯ ಕರಾರೋ ಎಂಬುದು ಇನ್ನೂ ಚರ್ಚೆಯಾಗಬೇಕು. ಕ್ಷೇತ್ರಕಾರ್ಯದ ಪ್ರಶ್ನೆ ಪಶ್ಚಿಮ ಘಟ್ಟಗಳಿಗೂ ಅನ್ವಯಿಸುತ್ತದೆ: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರಮಟ್ಟದ ಭೂಕುಸಿತ ಸಾಧ್ಯತಾ ನಕ್ಷೆಗಳು 1:50,000 ಪ್ರಮಾಣದವು, ಅಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಒಂದೊಂದು ಇಳಿಜಾರಿನ ವಿವರಕ್ಕೆ ಬೆಟ್ಟ ಹತ್ತಲೇಬೇಕು.